ಕಿಯೋಜದಲ್ಲಿ ಒಂದು ಹಗಲು

ವೆನಿಸ್ ನಗರಕ್ಕೆ ಹೋಗಿಬಂದವರು ಗೊಂಡೋಲಾ ದೋಣಿಯ ಮಾತನ್ನು ತೆಗೆಯದೆ ಇರಲಾರರು. ಸಂತ ಮಾರ್ಕನ ಚೌಕದ ಪಾರಿವಾಳಗಳ ವರ್ಣನೆಯನ್ನು ಮಾಡದೆ ಬಿಡಲಾರರು. ಆದರೆ ಅದೇ ಹಿನ್ನೀರಿನ ದಕ್ಷಿಣದ ತುದಿಯಲ್ಲಿ ಕಿಯೋಜ ಎಂಬ ಬೆಸ್ತರ ಪಟ್ಟಣವೊಂದುಂಟು. ಅಲ್ಲಿಗೆ ಹೋಗುವವರು ಕಡಿಮೆ. ಪ್ರವಾಸಿಗರ ಕೈಪಿಡಿಗಳು ಅದನ್ನು 'ಚಿಕ್ಕ ವೆನಿಸ್' ಎಂದು ಕರೆದು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ಅಕ್ಕನ ಹೆಸರಿನಿಂದಲೇ ಗುರುತಾಗುವ ತಂಗಿಯ ಪಾಡು ಎಂತಹುದೆಂಬುದು ಇಬ್ಬರು ಹೆಣ್ಣುಮಕ್ಕಳಿರುವ ಮನೆಗಳಲ್ಲಿ ತಿಳಿಯದ ವಿಷಯವೇನೂ ಅಲ್ಲ.

ಮೇ ತಿಂಗಳ ಒಂದು ಶನಿವಾರ ಎಂಟು ಮಂದಿ ಪ್ರವಾಸಿಗರು ಆ ತಂಗಿಯನ್ನು ನೋಡಲು ಹೊರಟರು. ಅವರು ಒಂದೇ ಊರಿನವರಲ್ಲ, ಒಂದೇ ಭಾಷೆಯವರೂ ಅಲ್ಲ. ಹಿಂದಿನ ದಿನದವರೆಗೆ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಹೊಸದಾಗಿ ಮದುವೆಯಾದ ದಂಪತಿಗಳಿದ್ದರು. ಕ್ಯಾಮೆರಾವನ್ನು ಕೊರಳಿನಿಂದ ಇಳಿಸದ ಎಂಜಿನಿಯರೊಬ್ಬನಿದ್ದ. ಮೂವತ್ತು ವರ್ಷ ಲ್ಯಾಟಿನ್ ಮತ್ತು ಇಟಾಲಿಯನ್ ಭಾಷೆಗಳನ್ನು ಕಲಿಸಿ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರಿದ್ದರು. ಮಾರ್ಗದರ್ಶಿನಿ ಕಿಯೋಜದ ಹುಡುಗಿಯೇ. ಎಂಟಕ್ಕಿಂತ ಹೆಚ್ಚು ಜನರನ್ನು ಅವಳು ಒಪ್ಪುವುದಿಲ್ಲ. ಹತ್ತು ಮಂದಿ ಬಂದರೆ ಇಬ್ಬರನ್ನು ಮರುವಾರ ಬರಹೇಳುತ್ತಾಳೆ. ವೆನಿಸ್ ನಗರಸಭೆ 2024ರಲ್ಲಿ ಪ್ರವಾಸಿ ತಂಡಗಳಿಗೆ 25 ಜನರ ಮಿತಿಯನ್ನು ಗೊತ್ತುಮಾಡಿ ಧ್ವನಿವರ್ಧಕಗಳನ್ನೂ ನಿಷೇಧಿಸಿತು. ಈ ಹುಡುಗಿಯ ಕಾನೂನು ಅದಕ್ಕಿಂತ ಬಿಗಿ. ಏಕೆಂದು ಕೇಳಿದ್ದಕ್ಕೆ, "ಊರು ನೋಡಿದ ಮೇಲೆ ನಿಮಗೇ ತಿಳಿಯುತ್ತದೆ" ಎಂದಷ್ಟೇ ಹೇಳಿದಳು.

ಪಯಣ ಮೊದಲಾದುದು ಲಿಡೋ ದ್ವೀಪದಿಂದ. ಬಸ್ಸು ದ್ವೀಪದ ಉದ್ದಕ್ಕೂ ಓಡಿ, ಬಸ್ಸಿಗೆ ಬಸ್ಸೇ ದೋಣಿಯನ್ನೇರಿ, ಮಲಮೊಕ್ಕೊ ಅಳಿವೆಯನ್ನು ದಾಟಿ, ಪೆಲೆಸ್ಟ್ರೀನ ಎಂಬ ಮತ್ತೊಂದು ದ್ವೀಪವನ್ನು ಹಿಡಿಯುತ್ತದೆ. ದ್ವೀಪವೆಂಬುದು ಹೆಸರಿಗೆ; ನೋಡುವವರಿಗೆ ಅದು ನೀರಿನ ನಡುವೆ ಹಾಕಿದ ಒಂದು ಬದು. ಎಡಗಡೆ ಏಡ್ರಿಯಾಟಿಕ್ ಸಮುದ್ರ, ಬಲಗಡೆ ಹಿನ್ನೀರು, ನಡುವೆ ಬಣ್ಣ ಬಳಿದ ಮನೆಗಳು. ಸಮುದ್ರದ ಕಡೆಗೆ ವೆನಿಸ್ ಗಣರಾಜ್ಯದವರು 18ನೆಯ ಶತಮಾನದಲ್ಲಿ ಇಸ್ಟ್ರಿಯಾದ ಬಿಳಿಗಲ್ಲಿನಿಂದ ಕಟ್ಟಿಸಿದ ಗೋಡೆ. 1966ರ ನವೆಂಬರ್ 4ರಂದು ಆ ಗೋಡೆಯೂ ಸಾಲದೆ ಹೋಯಿತು. ಸಮುದ್ರ ಅದನ್ನೊಡೆದು ಒಳಗೆ ನುಗ್ಗಿತು. ಅಂದು ವೆನಿಸಿನಲ್ಲಿ ನೀರು 194 ಸೆಂಟಿಮೀಟರಿನಷ್ಟು ಏರಿತ್ತು. ಪೆಲೆಸ್ಟ್ರೀನದ ತುದಿಯಲ್ಲಿ ಬಸ್ಸನ್ನಿಳಿದು ಮೋಟಾರು ದೋಣಿಯನ್ನು ಹತ್ತಬೇಕು. ದಾರಿಯಲ್ಲಿ ಸಿಕ್ಕುವ ಕಿಯೋಜದ ಅಳಿವೆಯ ತಳದಲ್ಲಿ ಈಗ 18 ಉಕ್ಕಿನ ಕದಗಳು ಮಲಗಿವೆ. ಉಬ್ಬರ ಮಿತಿಮೀರುವ ದಿನ ಅವು ಮೇಲೆದ್ದು ಸಮುದ್ರವನ್ನು ಹೊರಗೆ ತಡೆಯುತ್ತವೆ. ಮೂರು ಅಳಿವೆಗಳ ಕದಗಳೂ ಕೂಡಿ ಮೊದಲ ಬಾರಿಗೆ ನೀರನ್ನು ತಡೆದದ್ದು 2020ರ ಅಕ್ಟೋಬರ್ 3ರಂದು.

ದೋಣಿ ನಿಲ್ಲುವ ವೀಗೊ ಚೌಕದಲ್ಲಿ ಒಂದು ಕಂಬವಿದೆ. ಕಂಬದ ಮೇಲೆ ಸಂತ ಮಾರ್ಕನ ರೆಕ್ಕೆಯ ಸಿಂಹ. ವೆನಿಸ್ ಆಳಿದ ಊರುಗಳಲ್ಲೆಲ್ಲ ಈ ಸಿಂಹ ಕುಳಿತಿರುವುದುಂಟು. ಕಿಯೋಜದ ಪಾಲಿಗೆ ಬಂದದ್ದು ತೀರ ಸಣ್ಣದು. ವೆನಿಸಿನವರು ಅದನ್ನು 'ಕಿಯೋಜದ ಬೆಕ್ಕು' ಎಂದು ಹಾಸ್ಯ ಮಾಡುತ್ತಾರೆ. ಮಾರ್ಗದರ್ಶಿನಿ ಈ ಕಥೆಯನ್ನು ತಾನೇ ಹೇಳಿದಳು. ಆದರೆ ಹೇಳುವಾಗ ನಗಲಿಲ್ಲ.

ಊರಿನ ವಿನ್ಯಾಸವನ್ನು ಮೀನಿನ ಮುಳ್ಳಿಗೆ ಹೋಲಿಸುವುದು ವಾಡಿಕೆ. ಕೋರ್ಸೊ ಎಂಬ ಅಗಲವಾದ ರಾಜಬೀದಿ ಬೆನ್ನೆಲುಬು. ಅದರಿಂದ ಎರಡು ಕಡೆಗೂ ಕವಲೊಡೆಯುವ ಇಕ್ಕಟ್ಟಾದ ಓಣಿಗಳು ಪಕ್ಕೆಲುಬು. ರಾಜಬೀದಿಗೆ ಸಮಾನಾಂತರವಾಗಿ ವೇನ ಎಂಬ ಕಾಲುವೆ ಊರ ನಡುವೆ ಹರಿಯುತ್ತದೆ. ಅದರ ಮೇಲೆ ಒಂಬತ್ತು ಸೇತುವೆಗಳು. ಕಾಲುವೆಯಲ್ಲಿ ಕಟ್ಟಿರುವುದು ಗೊಂಡೋಲಾಗಳಲ್ಲ. ಬಲೆ, ಹಗ್ಗ, ಬುಟ್ಟಿಗಳನ್ನು ತುಂಬಿದ ದುಡಿಮೆಯ ದೋಣಿಗಳು. ಮಹಡಿಯಿಂದ ಮಹಡಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ವೆನಿಸಿಗೂ ಇದಕ್ಕೂ ಇರುವ ಭೇದ ಇಲ್ಲಿಯೇ ಕಾಣುತ್ತದೆ. 1951ರಲ್ಲಿ ವೆನಿಸಿನ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಅಲ್ಲಿ ನೋಡುವವರು ಹೆಚ್ಚಿ ಬಾಳುವವರು ಕಡಿಮೆಯಾದರು. ಕಿಯೋಜದಲ್ಲಿ ಬಟ್ಟೆ ಒಣಗಹಾಕುವವರು ಇನ್ನೂ ಇದ್ದಾರೆ.

ಮೀನುಪೇಟೆ ಇರುವುದು 1322ರಲ್ಲಿ ಕಟ್ಟಿದ ಧಾನ್ಯದ ಕಣಜದ ಹಿಂದೆ, ಕಾಲುವೆಯ ದಡದಲ್ಲಿ. ಸೋಮವಾರ ಅದಕ್ಕೆ ರಜೆ. ಉಳಿದ ದಿನಗಳಲ್ಲಿ ಕೆಂಪು ಬಟ್ಟೆಯ ಚಪ್ಪರದ ಕೆಳಗೆ ಬೆಳಗ್ಗೆಯೇ ವ್ಯಾಪಾರ ಕುದುರಿರುತ್ತದೆ. ಕೆಂಪು ಬಟ್ಟೆಯ ಮೂಲಕ ಇಳಿದ ಬಿಸಿಲಿನಲ್ಲಿ ಮಂಜುಗಡ್ಡೆಯೂ ಕೆಂಪಗೆ ಕಾಣುತ್ತದೆ. ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನು, ಮಸಿ ಉಗುಳಿ ಹಲಗೆಯನ್ನೆಲ್ಲ ಕಪ್ಪು ಮಾಡಿದ ಬೊಂಡಾಸು, ಇನ್ನೂ ಮಿಸುಕಾಡುವ ಹಾವುಮೀನು, ಸೀಗಡಿ, ಮರುವಾಯಿ. ಎಂಜಿನಿಯರು ಒಂದೇ ಸಮನೆ ಕ್ಯಾಮೆರಾವನ್ನು ಒತ್ತತೊಡಗಿದ.

ಒಂದು ಹಲಗೆಯ ಹಿಂದೆ ನಿಂತಿದ್ದ ಮುದುಕ ತಲೆಯೆತ್ತಿ ಮಾರ್ಗದರ್ಶಿನಿಯನ್ನು ನೋಡಿದ. "ಏನಮ್ಮ, ಇವತ್ತೂ ಮೃಗಾಲಯ ತೋರಿಸಲು ಜನರನ್ನು ಕರೆತಂದೆಯಾ?" ಎಂದ. ಊರಿನ ಒರಟು ಆಡುನುಡಿಯಲ್ಲಿ ಹೇಳಿದ ಮಾತಾದರೂ ಉಪಾಧ್ಯಾಯಿನಿಗೆ ಅರ್ಥವಾಯಿತು. ಹುಡುಗಿಯ ಮುಖ ಕೆಂಪಾಯಿತು. ಅವಳು ಉತ್ತರ ಕೊಡಲಿಲ್ಲ. ಎಂಟು ಮಂದಿಯನ್ನೂ ಕಣಜದ ಗೋಡೆಯ ಪಕ್ಕಕ್ಕೆ ಸರಿಸಿ ಸಾಲಾಗಿ ನಿಲ್ಲಿಸಿದಳು. ಕೈಚೀಲ ಹಿಡಿದ ಗೃಹಿಣಿಯರು ಅವರ ಮುಂದೆ ತಡೆಯಿಲ್ಲದೆ ಹಾದುಹೋದರು. ಆ ಗೋಡೆಯ ಪಕ್ಕದಲ್ಲಿ ಒಂಬತ್ತು ಮಂದಿಗೆ ಮಾತ್ರ ಸ್ಥಳವಿತ್ತು. ಎಂಟರ ಲೆಕ್ಕ ಎಲ್ಲಿಂದ ಬಂತೆಂಬುದು ಆಗ ಎಲ್ಲರಿಗೂ ತಿಳಿಯಿತು. ಎಂಜಿನಿಯರು, ಯಾರೂ ಹೇಳದೆಯೇ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

ಉಪಾಧ್ಯಾಯಿನಿ ಮಾತ್ರ ಮುಂದೆ ಹೋಗಿ ಒಂದು ಕಿಲೋ ಸಾರ್ಡೀನು ಕೊಡೆಂದರು. "ಹೋಟೆಲಿನ ಕೋಣೆಯಲ್ಲಿ ಇದನ್ನೇನು ಮಾಡುತ್ತೀರಿ?" ಎಂದು ಮುದುಕ ಕೇಳಿದ. "ಮಧ್ಯಾಹ್ನ ಊಟದ ಮನೆಯಲ್ಲಿ ಹುರಿದುಕೊಡುವುದಿಲ್ಲವೇ? ನಿಮ್ಮ ಮಗಳು ಹೇಳಿದರೆ ಮಾಡಿಕೊಟ್ಟಾರು" ಎಂದರು ಅವರು. ಮಗಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳ ಮುಖಗಳನ್ನೂ ತಂದೆತಾಯಿಗಳ ಮುಖಗಳನ್ನೂ ಜೋಡಿಸಿ ನೋಡಿದ ಕಣ್ಣಿಗೆ ಆ ಹುಬ್ಬುಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮುದುಕ ಮಾತಾಡದೆ ತೂಗಿದ. ಕಿಲೋ ಆದ ಮೇಲೆ ಎರಡು ಮೀನು ಹೆಚ್ಚಾಗಿಯೇ ಹಾಕಿದ.

ಊಟಕ್ಕೆ ಇನ್ನೂ ಹೊತ್ತಿತ್ತು. ಸಂತ ಆಂಡ್ರಿಯನ ಗೋಪುರದ ಗಡಿಯಾರವನ್ನು ನೋಡಿದರು. ಯೂರೋಪಿನ ಅತ್ಯಂತ ಹಳೆಯ ಗಡಿಯಾರಗಳಲ್ಲಿ ಅದೂ ಒಂದು. ಊರಿಗೆ ಗಡಿಯಾರದ ಕೀರ್ತಿ ಮೊದಲಿನಿಂದಲೂ ಉಂಟು: 1364ರಲ್ಲಿ ಗ್ರಹಗಳ ಚಲನೆಯನ್ನು ತೋರಿಸುವ ಅದ್ಭುತ ಯಂತ್ರವನ್ನು ಮಾಡಿ ಮುಗಿಸಿದ ಜೊವಾನ್ನಿ ದೊಂದಿ ಹುಟ್ಟಿದ್ದು ಕಿಯೋಜದಲ್ಲಿಯೇ. ಆಮೇಲೆ ಮಾತು ಯುದ್ಧದ ಕಡೆಗೆ ಹೊರಳಿತು. 1379ರ ಆಗಸ್ಟಿನಲ್ಲಿ ವೆನಿಸಿನ ಬದ್ಧವೈರಿಗಳಾದ ಜಿನೋವದವರು ಕಿಯೋಜವನ್ನು ಹಿಡಿದರು. ವೆನಿಸ್ ನಡುಗಿತು, ಸೆರೆಯಲ್ಲಿಟ್ಟಿದ್ದ ತನ್ನ ಸೇನಾನಿ ವೆತ್ತೊರ್ ಪಿಸಾನಿಯನ್ನು ಬಿಡಿಸಿ ನಾಯಕತ್ವವನ್ನು ಕೊಟ್ಟಿತು. ಆತ ಕಲ್ಲು ತುಂಬಿದ ಹಡಗುಗಳನ್ನು ಕಾಲುವೆಗಳ ಬಾಯಿಯಲ್ಲಿ ಮುಳುಗಿಸಿ, ಹಿಡಿದವರನ್ನೇ ಊರೊಳಗೆ ಹಿಡಿದುಹಾಕಿದ. 1380ರ ಜೂನಿನಲ್ಲಿ ಜಿನೋವದವರು ಶರಣಾದರು. ಅಕ್ಕನಿಗೆ ಸಾಮ್ರಾಜ್ಯ ಉಳಿಯಿತು. ತಂಗಿಗೆ ಉಳಿದದ್ದು ಹಾಳುಬಿದ್ದ ಮನೆಗಳು. ಇತಿಹಾಸದ ಪುಸ್ತಕಗಳು ಇದಕ್ಕೆ 'ಕಿಯೋಜದ ಯುದ್ಧ'ವೆಂದು ಹೆಸರಿಟ್ಟು ಊರಿನ ಋಣವನ್ನು ತೀರಿಸಿವೆ.

ಈ ಊರನ್ನು ಸರಿಯಾಗಿ ಕಂಡ ಹೊರಗಿನವನೆಂದರೆ ನಾಟಕಕಾರ ಕಾರ್ಲೊ ಗೊಲ್ದೋನಿ. ಇಪ್ಪತ್ತೊಂದರ ಹರೆಯದಲ್ಲಿ, 1728ರಲ್ಲಿ, ಇಲ್ಲಿಯ ಕ್ರಿಮಿನಲ್ ಕಚೇರಿಯಲ್ಲಿ ಸಹಾಯಕನಾಗಿ ಬಂದ. ಬೀದಿಯ ಜಗಳಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳುವ ಕೆಲಸ. ಮೂವತ್ತನಾಲ್ಕು ವರ್ಷಗಳ ಮೇಲೆ, 1762ರಲ್ಲಿ, ಆ ಜಗಳಗಳನ್ನೇ ನಾಟಕವಾಗಿ ವೆನಿಸಿನ ರಂಗಭೂಮಿಗೆ ತಂದ. ಗಂಡಸರು ಸಮುದ್ರಕ್ಕೆ ಹೋಗಿದ್ದಾರೆ. ಹೆಂಗಸರು ಬೀದಿಯಲ್ಲಿ ಕುಳಿತು ಲೇಸು ಹೆಣೆಯುತ್ತಿದ್ದಾರೆ. ಪಡ್ಡೆಯೊಬ್ಬ ಹುಡುಗಿಯೊಬ್ಬಳಿಗೆ ಒಂದು ಹೋಳು ಸುಟ್ಟ ಕುಂಬಳಕಾಯಿಯನ್ನು ಕೊಡಿಸುತ್ತಾನೆ. ಅಷ್ಟಕ್ಕೆ ಚಾಕು ಹೊರಬೀಳುತ್ತದೆ, ಕಲ್ಲು ತೂರಾಡುತ್ತದೆ, ಕಚೇರಿಯವರೆಗೆ ದೂರು ಹೋಗುತ್ತದೆ. ಕಚೇರಿಯಲ್ಲಿ ವಯಸ್ಸನ್ನು ಕೇಳಿದೊಡನೆ ಒಬ್ಬ ಮಹರಾಯತಿಗೆ ಕಿವಿಯೇ ಕೇಳಿಸದಂತಾಗುತ್ತದೆ! 1786ರಲ್ಲಿ ಗಯಟೆ ಮಹಾಕವಿ ವೆನಿಸಿನಲ್ಲಿ ಈ ನಾಟಕವನ್ನು ನೋಡಿ ಬಹಳವಾಗಿ ಮೆಚ್ಚಿಕೊಂಡ. ಅದರೊಳಗಿನ ಪಾತ್ರಗಳಿಗೆಲ್ಲ ಅಡ್ಡಹೆಸರುಗಳುಂಟು. ಇದು ಕವಿಯ ಕಲ್ಪನೆಯಲ್ಲ. ಬೊಸ್ಕೊಲೊ, ತಿಯೋತ್ಸೊ ಎಂಬ ಎರಡು ಮನೆತನದ ಹೆಸರುಗಳು ಇಂದಿಗೂ ಊರನ್ನೆಲ್ಲ ತುಂಬಿಕೊಂಡಿರುವುದರಿಂದ, ಅಡ್ಡಹೆಸರನ್ನು ಸರಕಾರಿ ದಾಖಲೆಯಲ್ಲಿಯೇ ಬರೆಯಿಸುವ ಪದ್ಧತಿಯಿದೆ. ಮನೆಯ ಹೆಸರಿಲ್ಲದೆ ಆಸಾಮಿಯ ಗುರುತು ಹತ್ತದ ನಮ್ಮ ಹಳ್ಳಿಗಳವರಿಗೆ ಇದು ವಿಚಿತ್ರವೆನಿಸಲಾರದು.

ಊಟದ ಮನೆಯ ಒಡತಿ ಸಾರ್ಡೀನನ್ನು ಹುರಿದು, ಈರುಳ್ಳಿಯನ್ನು ವಿನೆಗರಿನಲ್ಲಿ ಬಾಡಿಸಿ ಮೇಲೆ ಹರಡಿ ತಂದಿಟ್ಟಳು. ಹೀಗೆ ಹುಳಿಯಲ್ಲಿಟ್ಟ ಮೀನು ದಿನಗಟ್ಟಲೆ ಕೆಡುವುದಿಲ್ಲ. ಹಡಗಿನವರು ಕಂಡುಕೊಂಡ ಉಪಾಯ. ಮೀನು ಮುಟ್ಟದ ಮದುವಣಗಿತ್ತಿಗೂ ಉಪವಾಸವಾಗಲಿಲ್ಲ. ಕಿಯೋಜದ ಹೊಲಗಳ ಕೆಂಪು ರದಿಕ್ಕಿಯೊ ಸೊಪ್ಪು ಇತ್ತು, ಕುಂಬಳಕಾಯಿ ಇತ್ತು, ಕೊಯ್ದರೆ ಒಳಗೆ ಬಿಳಿಯ ಮತ್ತು ಗುಲಾಬಿ ಬಳೆಗಳು ಕಾಣುವ ಬೀಟ್‌ರೂಟು ಇತ್ತು.

ಅಲ್ಲಿ, ಉಪಾಧ್ಯಾಯಿನಿ ಮೆಲ್ಲಗೆ ಕೇಳಿದ ಮೇಲೆ, ಹುಡುಗಿ ತಂದೆಯ ವಿಷಯವನ್ನು ಹೇಳಿದಳು. ಆತ ಹುಟ್ಟಿನಿಂದ ಮೀನು ಮಾರುವವನಲ್ಲ; ಹಿನ್ನೀರಿನಲ್ಲಿ ಮರುವಾಯಿ ಬೆಳೆಯುತ್ತಿದ್ದವನು. ಮನಿಲಾ ಮರುವಾಯಿ ಎಂಬ ಏಷ್ಯಾದ ತಳಿಯನ್ನು 1983ರಲ್ಲಿ ಆ ಹಿನ್ನೀರಿಗೆ ತಂದುಬಿಟ್ಟರು. ಅದು ಚೆನ್ನಾಗಿ ಹಬ್ಬಿ ಅನೇಕ ಸಂಸಾರಗಳಿಗೆ ಅನ್ನವಾಯಿತು. ಅದರಿಂದಲೇ ಆತ ಮಗಳನ್ನು ಓದಿಸಿದ, ದೋಣಿಯನ್ನು ಕೊಂಡ. 2023ರಲ್ಲಿ ನೀಲಿ ಏಡಿ ಬಂತು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಪ್ರಾಣಿ. ಕೊಂಡಿಯಿಂದ ಚಿಪ್ಪನ್ನು ಒಡೆದು ತಿನ್ನುತ್ತದೆ, ಬಲೆಯನ್ನೂ ಕತ್ತರಿಸುತ್ತದೆ. ಪೋ ನದಿಯ ಮುಖಜಭೂಮಿಯಿಂದ ಈ ಹಿನ್ನೀರಿನವರೆಗೆ ಮರುವಾಯಿಯ ಮಡಿಗಳೆಲ್ಲ ಹಾಳಾದವು. "ಅಪ್ಪ ಬಿತ್ತಿದ್ದ ಬೆಳೆ ಒಂದೇ ಬೇಸಗೆಯಲ್ಲಿ ಹೋಯಿತು. ದೋಣಿ ಮಾರಿದ. ಈಗ ಸ್ನೇಹಿತನ ಹಲಗೆಯಲ್ಲಿ ನಿಲ್ಲುತ್ತಾನೆ. ನಾನು ಈ ಕೆಲಸ ಹಿಡಿದೆ" ಎಂದಳು.

"ಆ ಮರುವಾಯಿಯೂ ಹೊರಗಿನಿಂದ ಬಂದದ್ದೇ ಅಲ್ಲವೇ?" ಎಂದ ಎಂಜಿನಿಯರು.

"ಹೌದು, ಆದರೆ ಅದು ನಮಗೆ ಊಟ ಹಾಕಿತು" ಎಂದಳು ಹುಡುಗಿ. "ಅಪ್ಪನ ಕೋಪ ನಿಮ್ಮ ಮೇಲಲ್ಲ. ಮನೆಗೆ ಬರುವ ಹಣ ಮೀನಿನದಲ್ಲ, ಮೀನುಗಾರರನ್ನು ತೋರಿಸಿದ್ದರದು. ಅದು ಅವನಿಗೆ ಗಂಟಲಲ್ಲಿ ಇಳಿಯುವುದಿಲ್ಲ."

ಊಟದ ಮೇಲೆ ಸೇತುವೆ ದಾಟಿ ಸಂತ ದೊಮೆನಿಕೊ ಚರ್ಚಿಗೆ ಹೋದರು. ಕಲಾರಸಿಕರು ಅಲ್ಲಿಗೆ ಬರುವುದು ಕಾರ್ಪಾಚ್ಚೊ 1520ರಲ್ಲಿ ಬರೆದ ಸಂತ ಪೌಲನ ಚಿತ್ರಕ್ಕಾಗಿ. ಬೆಸ್ತರು ಬರುವುದು ಬೇರೆ ಚಿತ್ರಗಳಿಗಾಗಿ: ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವರು ಹರಕೆಯಾಗಿ ಒಪ್ಪಿಸಿದ ಪುಟ್ಟ ಮರದ ಹಲಗೆಗಳು. ಮುರಿದ ಕೂವೆಮರ, ಬೆಟ್ಟದಂತಹ ಅಲೆ, ಮೇಲೆ ಮೋಡದ ಸಂದಿಯಲ್ಲಿ ದೇವಮಾತೆ. ಚಿತ್ರಕಲೆಯ ದೃಷ್ಟಿಯಿಂದ ಅವುಗಳಲ್ಲಿ ದೋಷಗಳುಂಟು. ಅಲೆಯ ವಿಷಯದಲ್ಲಿ ಮಾತ್ರ ಬರೆಯಿಸಿದವನಿಗೆ ಸಂದೇಹವಿರಲಿಲ್ಲ. ಅಲ್ಲಿ ಎಂಟು ಮಂದಿಯೂ ಬಹಳ ಹೊತ್ತು ನಿಂತರು.

ಸಂಜೆ ವೀಗೊ ಚೌಕಕ್ಕೆ ಬಂದಾಗ ಸಮುದ್ರದ ಕಡೆಯಿಂದ ಮೀನಿನ ಬೋಟೊಂದು ಕಡಲಹಕ್ಕಿಗಳ ಹಿಂಡನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿತ್ತು. ಮುದುಕ ಬಿಳಿಗಲ್ಲಿನ ಸೇತುವೆಯ ಕಟ್ಟೆಗೊರಗಿ ಅದನ್ನೇ ನೋಡುತ್ತಿದ್ದ. ಯಾರ ಬೋಟು, ನೀರಿನಲ್ಲಿ ಎಷ್ಟು ತಗ್ಗಿದೆ, ಎಷ್ಟು ಮೀನು ಬಿದ್ದಿದೆ ಎಂಬ ಲೆಕ್ಕವಿರಬೇಕು. ಮಗಳು ಬಳಿಗೆ ಹೋದಳು. ಉಪಾಧ್ಯಾಯಿನಿ ಹಿಂದೆಯೇ ನಿಂತಿದ್ದರು. ಸಾರ್ಡೀನು ಬಹಳ ಚೆನ್ನಾಗಿತ್ತೆಂದು ಹೇಳಿದರು. ಮುದುಕ ಟೋಪಿಯನ್ನು ಮುಟ್ಟಿಕೊಂಡ.

"ಬರುವ ವಾರ ಎಷ್ಟು ಮಂದಿ?" ಎಂದು ಮಗಳನ್ನು ಕೇಳಿದ.

"ಎಂಟು."

"ಇನ್ನೂ ಮುಂಚೆ ಕರೆದುಕೊಂಡು ಬಾ. ನೀನು ಬರುವ ಹೊತ್ತಿಗೆ ಒಳ್ಳೆಯ ಮೀನೆಲ್ಲ ಹೋಗಿಬಿಟ್ಟಿರುತ್ತದೆ."

ದೋಣಿಯವನು ಗಂಟೆ ಬಾರಿಸಿದ. ಎಂಟು ಮಂದಿ ಹತ್ತಿಕೊಂಡರು. ತಂದೆಮಗಳು ಮೀನುಪೇಟೆಯ ದಾರಿ ಹಿಡಿದರು. ನಡೆಯುತ್ತಲೇ ಯಾವುದೋ ವಿಷಯಕ್ಕೆ ಮತ್ತೆ ಜಗಳ ಮೊದಲಿಟ್ಟಂತಿತ್ತು.