ಅಮ್ಮನ ಕೈಗೊಂದು ರಿಮೋಟು

ಹಿಂದಿನ ಕಾಲದ ಮನೆಗಳಲ್ಲಿ ಅಧಿಕಾರ ಯಾರದೆಂದು ತಿಳಿಯಲು ಹೆಚ್ಚಿನ ವಿಚಾರಣೆ ಬೇಕಾಗಿರಲಿಲ್ಲ. ಬೀಗದಕೈ ಗೊಂಚಲು ಯಾರ ಸೊಂಟದಲ್ಲಿರುತ್ತಿದ್ದಿತೋ ಆಕೆಯೇ ಯಜಮಾನಿ. ಅನಂತರ ಬಾನುಲಿ ಬಂದಿತು. ಅದರ ತಿರುಪನ್ನು ಮುಟ್ಟುವ ಹಕ್ಕು ಮನೆಯ ಹಿರಿಯರಿಗಷ್ಟೇ ಇದ್ದಿತು. ಈಗ ಆ ಅಧಿಕಾರವೆಲ್ಲ ಗೇಣುದ್ದದ ಒಂದು ಕರಿಯ ವಸ್ತುವಿಗೆ ಸೇರಿದೆ. ಅದಕ್ಕೆ ರಿಮೋಟು ಎಂದು ಹೆಸರು. ವಾರ್ತೆಯೋ ಧಾರಾವಾಹಿಯೋ, ಕ್ರಿಕೆಟ್ಟೋ ಸಂಗೀತವೋ, ಕನ್ನಡವೋ ತಮಿಳೋ ಎಂಬುದನ್ನು ಅದು ಯಾರ ಕೈಯಲ್ಲಿದೆಯೋ ಅವರು ತೀರ್ಮಾನಿಸುತ್ತಾರೆ. ಆದರೆ ಒಂದೇ ಮನೆಯಲ್ಲಿ ನಾಲ್ಕು ರಿಮೋಟುಗಳಿದ್ದರೆ ಅಧಿಕಾರ ಯಾರದು? ಯಾರದೂ ಅಲ್ಲವೆಂಬುದು ನಾನು ಕಂಡ ಸಂಗತಿ.

ನನ್ನ ತಮ್ಮ ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಕೆಲಸದಲ್ಲಿದ್ದಾನೆ. ಸಿನಿಮಾ ಎಂದರೆ ಅವನಿಗೆ ಬಾಲ್ಯದಿಂದಲೂ ಪ್ರಾಣ. ಈ ಸೀಮೆಗೆ ಆ ಹುಚ್ಚು ಹೊಸದೇನೂ ಅಲ್ಲ. ರೈಲ್ವೆಯಲ್ಲಿ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟ್ ಎಂಬವರು ೧೯೦೫ರಲ್ಲಿ ಫ್ರೆಂಚರೊಬ್ಬರಿಂದ ಚಿತ್ರ ತೋರಿಸುವ ಯಂತ್ರವನ್ನು ಕೊಂಡು, ಊರೂರು ತಿರುಗಿ, ಮುಂದೆ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಕಟ್ಟಿಸಿದರು. ಅದೇ ಊರಿನ ಪಕ್ಷಿರಾಜ ಸ್ಟುಡಿಯೋದ ಶ್ರೀರಾಮುಲು ನಾಯ್ಡು ಅವರು ೧೯೫೭ರಲ್ಲಿ ‘ಬೆಟ್ಟದ ಕಳ್ಳ’ ಎಂಬ ಕನ್ನಡ ಚಿತ್ರವನ್ನೂ ತೆಗೆದರು. ಚಿತ್ರಮಂದಿರವನ್ನೇ ಮನೆಗೆ ತರಬೇಕೆಂಬ ಆಸೆಯಿಂದ ನನ್ನ ತಮ್ಮನು ಹೋಮ್ ಥಿಯೇಟರ್ ಕೊಂಡನು. ದೊಡ್ಡದೊಂದು ಟಿ.ವಿ.; ಅದಕ್ಕೊಂದು ಡಿ.ಟಿ.ಎಚ್. ಪೆಟ್ಟಿಗೆ, ಐದು ಸ್ಪೀಕರುಗಳಿಗೂ ಒಂದು ಸಬ್‌ವೂಫರಿಗೂ ಧ್ವನಿಯನ್ನು ಹಂಚುವ ಆಂಪ್ಲಿಫಯರು, ಇಂಟರ್‌ನೆಟ್ಟಿನ ಚಿತ್ರಗಳನ್ನು ತೋರಿಸಲು ಟಿ.ವಿ.ಯ ಬೆನ್ನಿಗೆ ಚುಚ್ಚುವ ಪುಟ್ಟದೊಂದು ಕಡ್ಡಿ. ಒಂದೊಂದಕ್ಕೂ ಒಂದೊಂದು ರಿಮೋಟು.

ಆ ಮನೆಯಲ್ಲಿ ಹಗಲೆಲ್ಲ ಇರುವವರು ನಮ್ಮ ತಾಯಿಯವರೊಬ್ಬರೇ. ಅವರು ಹುಟ್ಟಿದುದು ಕೊಳ್ಳೇಗಾಲದಲ್ಲಿ. ಶಾಲೆಗೆ ಸೇರಿದಾಗ ಅವರ ಊರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ಶಾಲೆ ಬಿಡುವ ಹೊತ್ತಿಗೆ, ೧೯೫೬ರ ನವೆಂಬರ್ ೧ರಂದು, ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಮೈಸೂರಿನವರಾದ ಅವರು ಮದುವೆಯಾಗಿ, ದಿಂಬಂ ಘಾಟಿಯನ್ನಿಳಿದು, ಮತ್ತೆ ಕೊಯಮತ್ತೂರು ಜಿಲ್ಲೆಗೇ ಬಂದರು. ಅರುವತ್ತು ವರ್ಷಗಳ ವಾಸದಿಂದ ತಮಿಳನ್ನು ಚೆನ್ನಾಗಿ ಆಡುತ್ತಾರೆ. ಓದಬಲ್ಲುದು ಮಾತ್ರ ಕನ್ನಡವೊಂದನ್ನೇ. ಈಚೆಗೆ ಕಣ್ಣು ಮಂಜಾಗಿ, ಸಣ್ಣ ಅಕ್ಷರದ ಪುಸ್ತಕವನ್ನು ಹಿಡಿಯುವುದು ಅವರಿಗೆ ಕಷ್ಟವಾಗಿದೆ. ಹಗಲಿನಲ್ಲಿ ಅವರ ಕಿವಿಗೆ ಬೀಳುವ ಕನ್ನಡವೆಂದರೆ ಟಿ.ವಿ.ಯ ಕನ್ನಡವಷ್ಟೆ.

ಆ ಕನ್ನಡವನ್ನು ಮುಟ್ಟಲು ಅವರು ಮೂರು ರಿಮೋಟುಗಳನ್ನು ದಾಟಿ ಹೋಗಬೇಕಾಗಿದ್ದಿತು. ಮೂರರ ಮೇಲಿನ ಬರವಣಿಗೆಯೂ ಇಂಗ್ಲಿಷಿನದು. ನನ್ನ ಶಾಲೆ ಇರುವುದು ಕೊಯಮತ್ತೂರಿನಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಫೋನು ಬರುತ್ತಿದ್ದಿತು. “ನೀಲಿ ಬಣ್ಣ ಬಂದುಬಿಟ್ಟಿದೆ ಕಣಪ್ಪ, ಮನುಷ್ಯರೇ ಕಾಣುತ್ತಿಲ್ಲ” ಎನ್ನುವರು. ‘ಸೋರ್ಸ್’ ಎಂಬ ಗುಂಡಿಯನ್ನು ಬೆರಳು ತಾಗಿದರೆ ಟಿ.ವಿ.ಯು ಡಿ.ಟಿ.ಎಚ್. ಪೆಟ್ಟಿಗೆಯನ್ನು ಬಿಟ್ಟು ಬರಿದಾದ ಬೇರೊಂದು ದ್ವಾರವನ್ನು ನೋಡತೊಡಗುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯನ್ನು ಫೋನಿನಲ್ಲಿ ವಿವರಿಸುವುದು ಸುಲಭವಲ್ಲ. “ಹೋಗಲಿ ಬಿಡು, ಸಂಜೆ ಅವನು ಬಂದು ಸರಿಮಾಡಲಿ” ಎಂದು ಅವರೇ ಮಾತು ಮುಗಿಸುವರು. ಸಂಜೆಯೆಂದರೆ ಬನಿಯನ್ ಕಂಪೆನಿಯ ಲೆಕ್ಕದಲ್ಲಿ ರಾತ್ರಿ ಎಂಟು ಗಂಟೆ. ಕೊನೆಗೆ ತಮ್ಮನೇ ಹೇಳಿದನು: “ಅಣ್ಣಾ, ಎಲ್ಲಕ್ಕೂ ಸೇರಿ ಒಂದೇ ರಿಮೋಟು ಸಿಗುತ್ತದಂತೆ. ನೀವು ವಿಜ್ಞಾನದ ಪಾಠ ಹೇಳುವವರು, ನೀವೇ ಆರಿಸಿಕೊಡಿ.”

ಆರಿಸುವುದಕ್ಕೆ ಮೊದಲು ಆ ವಸ್ತುವಿನ ಸ್ವಭಾವವನ್ನು ಅರಿಯಬೇಕಷ್ಟೆ. ಅಮೆರಿಕದ ಜೆನಿತ್ ಕಂಪೆನಿಯವರು ೧೯೫೦ರಲ್ಲಿ ಹೊರತಂದ ಮೊದಲ ಟಿ.ವಿ. ರಿಮೋಟಿಗೆ ಉದ್ದನೆಯ ತಂತಿ ಇದ್ದಿತು. ನಡೆದಾಡುವವರು ಅದಕ್ಕೆ ಎಡವುತ್ತಿದ್ದರು. ೧೯೫೫ರಲ್ಲಿ ಯೂಜೀನ್ ಪೋಲಿ ಎಂಬವರು ಟಾರ್ಚಿನಂತೆ ಬೆಳಕು ಬೀರುವ ರಿಮೋಟನ್ನು ನಿರ್ಮಿಸಿದರು. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ಲು ಬದಲಾಗಬಹುದಾಗಿದ್ದಿತು. ೧೯೫೬ರಲ್ಲಿ ರಾಬರ್ಟ್ ಆಡ್ಲರ್ ಅವರು ಇನ್ನೊಂದು ಉಪಾಯ ಹೂಡಿದರು. ಗುಂಡಿಯನ್ನೊತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳನ್ನು ಬಡಿಯುವುದು. ನಮ್ಮ ಕಿವಿಗೆ ಕೇಳದ ಆ ನಾದವನ್ನು ಟಿ.ವಿ. ಕೇಳುವುದು. ಅದಕ್ಕೆ ಸೆಲ್ಲೂ ಬೇಕಾಗಿರಲಿಲ್ಲ. ಆದರೆ ಹತ್ತಿರದಲ್ಲಿ ಬೀಗದಕೈ ಗೊಂಚಲು ಝಣಝಣಿಸಿದರೂ ಒಮ್ಮೊಮ್ಮೆ ಚಾನೆಲ್ಲು ಬದಲಾಗುತ್ತಿದ್ದಿತಂತೆ!

ಇಂದಿನ ರಿಮೋಟುಗಳಲ್ಲಿ ಬಹುಪಾಲು ಅವರಕ್ತ ಕಿರಣಗಳಿಂದ ಕೆಲಸ ಮಾಡುತ್ತವೆ. ಸುಮಾರು ೯೪೦ ನ್ಯಾನೋಮೀಟರ್ ತರಂಗಾಂತರದ ಈ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಉಪಾಧ್ಯಾಯ ಮಿತ್ರರು ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು: ರಿಮೋಟಿನ ಮೂತಿಯನ್ನು ಮೊಬೈಲ್ ಫೋನಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿಯನ್ನೊತ್ತಿದರೆ, ಬಹುತೇಕ ಫೋನುಗಳಲ್ಲಿ ನಸುನೇರಿಳೆಯ ಮಿನುಗೊಂದು ಕಾಣಿಸುತ್ತದೆ. ರಿಮೋಟು ಕೆಟ್ಟಿದೆಯೋ ಸೆಲ್ಲು ಮುಗಿದಿದೆಯೋ ಎಂದು ನೋಡುವುದಕ್ಕೂ ಇದೇ ಮೊದಲ ಪರೀಕ್ಷೆ. ಆ ಬೆಳಕು ಸೆಕೆಂಡಿಗೆ ಸುಮಾರು ೩೮,೦೦೦ ಸಲ ಮಿಡಿಯುತ್ತದೆ. ಕೋಣೆಯ ದೀಪದ ಬೆಳಕಿನಿಂದ ಅದನ್ನು ಬೇರ್ಪಡಿಸಿ ಗುರುತಿಸಲು ಈ ಮಿಡಿತ ನೆರವಾಗುತ್ತದೆ. ತಂತಿ ಕಚೇರಿಯಲ್ಲಿ ಹಿಂದೆ ಕಟ್ಟುಕಡ ಎಂದು ಸಂದೇಶವನ್ನು ಬಡಿಯುತ್ತಿದ್ದಂತೆ, ಇಲ್ಲಿಯೂ ನಡುನಡುವೆ ಬಿಡುವು ಕೊಟ್ಟು ಸಂಕೇತವನ್ನು ಕಳುಹಿಸುತ್ತಾರೆ. ಮೊದಲು ಯಾರಿಗೆ ಎಂಬ ವಿಳಾಸ, ಅನಂತರ ಏನು ಮಾಡಬೇಕೆಂಬ ಆಜ್ಞೆ. ಒಂದೊಂದು ತಯಾರಕರದು ಒಂದೊಂದು ಸಂಕೇತಭಾಷೆ. ಆದುದರಿಂದಲೇ ಟಿ.ವಿ.ಯ ರಿಮೋಟಿಗೆ ಆಂಪ್ಲಿಫಯರು ಓಗೊಡುವುದಿಲ್ಲ.

ಇನ್ನೊಂದು ವಿಷಯವನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಇಂಥ ರಿಮೋಟು ಮಾತಾಡಬಲ್ಲುದು, ಕೇಳಲಾರದು. ಟಿ.ವಿ. ಈಗ ಉರಿಯುತ್ತಿದೆಯೋ ಆರಿದೆಯೋ ಎಂಬುದು ಅದಕ್ಕೆ ತಿಳಿಯದು. ಪವರ್ ಗುಂಡಿಯ ಆಜ್ಞೆಯಾದರೂ ಸಾಮಾನ್ಯವಾಗಿ ‘ಈಗಿರುವ ಸ್ಥಿತಿಗೆ ವಿರುದ್ಧವಾಗು’ ಎಂದಷ್ಟೆ. ಒಂದೇ ಗುಂಡಿಯಿಂದ ಮೂರು ಯಂತ್ರಗಳಿಗೂ ಹೀಗೆಂದು ಹೇಳಿದೆವೆನ್ನಿ. ಮೂರೂ ಆರಿದ್ದರೆ ಮೂರೂ ಹೊತ್ತಿಕೊಳ್ಳುವುವು. ಆದರೆ ಕರೆಂಟು ಹೋಗಿ ಬಂದಾಗ ಕೆಲವು ಯಂತ್ರಗಳು ತಾವಾಗಿ ಹೊತ್ತಿಕೊಳ್ಳುತ್ತವೆ, ಕೆಲವು ಮಲಗಿಯೇ ಇರುತ್ತವೆ. ಆಗ ಅದೇ ಗುಂಡಿ ಎದ್ದವನನ್ನು ಮಲಗಿಸಿ ಮಲಗಿದವನನ್ನು ಎಬ್ಬಿಸುತ್ತದೆ. ೨೦೧೨ರ ಸುಮಾರಿನ ಕರೆಂಟ್ ಕಡಿತವನ್ನು ಅನುಭವಿಸಿದ ಕೊಯಮತ್ತೂರು, ತಿರುಪ್ಪೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ತಿಳಿದುಕೊಂಡು ಗಾಂಧಿಪುರದ ಒಂದು ಅಂಗಡಿಗೆ ಹೋದೆನು. “ಏನುಂಗ, ಏನು ಬೇಕು?” ಎಂದು ಅಂಗಡಿಯವರು ಕೊಂಗುನಾಡಿನ ಮರ್ಯಾದೆಯಿಂದ ವಿಚಾರಿಸಿ, ಮೇಜಿನ ಮೇಲೆ ಒಂದು ಸಾಲನ್ನೇ ಹರಡಿದರು. ಸ್ಥೂಲವಾಗಿ ಅವು ಮೂರು ಜಾತಿ.

ಮೊದಲನೆಯದು ಸಂಕೇತಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುವುದು. ಜೊತೆಗಿರುವ ಪಟ್ಟಿಯಲ್ಲಿ ನಮ್ಮ ಟಿ.ವಿ.ಯ ತಯಾರಕರ ಅಂಕೆಯನ್ನು ಹುಡುಕಿ ಒತ್ತಿದರಾಯಿತು. ಹಳೆಯ ರಿಮೋಟು ಕಳೆದುಹೋಗಿದ್ದರೆ ಇದೇ ಗತಿ. ಆದರೆ ಪಟ್ಟಿಯಲ್ಲಿಲ್ಲದ ಯಂತ್ರದ ಮುಂದೆ ಅದು ಮೂಕ.

ಎರಡನೆಯದು ಕಲಿಯುವ ರಿಮೋಟು. ಆಪಲ್ ಕಂಪ್ಯೂಟರಿನ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ೧೯೮೭ರಲ್ಲಿಯೇ ಇಂಥದೊಂದನ್ನು ಮಾರುಕಟ್ಟೆಗೆ ತಂದಿದ್ದರು. ಹಳೆಯ ರಿಮೋಟನ್ನೂ ಹೊಸದನ್ನೂ ಎದುರುಬದುರಾಗಿ ಎರಡು ಅಂಗುಲ ದೂರದಲ್ಲಿಟ್ಟು, ಹೊಸದರಲ್ಲಿ ಯಾವ ಗುಂಡಿ ಕಲಿಯಬೇಕೋ ಅದನ್ನು ಒತ್ತಿ, ಅನಂತರ ಹಳೆಯದರ ಗುಂಡಿಯನ್ನು ಒತ್ತಬೇಕು. ಗುರು ಹೇಳಿದುದನ್ನು ಶಿಷ್ಯ ಹಾಗೆಯೇ ಗ್ರಹಿಸುತ್ತಾನೆ. ಗುರು ಬದುಕಿರುವಾಗಲೇ ಕಲಿಸಿಬಿಡಬೇಕೆಂಬುದೊಂದೇ ಷರತ್ತು.

ಮೂರನೆಯದು ಮೊಬೈಲ್ ಫೋನಿನಿಂದ, ವೈಫೈ ಮೂಲಕ ಆಳುವಂಥದು. ಬಹಳ ಜಾಣತನದ್ದು, ಬೆಲೆಯೂ ಹೆಚ್ಚು. ಈ ಜಾತಿಯಲ್ಲಿ ಹೆಸರುವಾಸಿಯಾಗಿದ್ದುದು ಲಾಜಿಟೆಕ್ ಕಂಪೆನಿಯ ‘ಹಾರ್ಮನಿ’. ಅದರ ತಯಾರಿಕೆಯನ್ನು ನಿಲ್ಲಿಸಿದುದಾಗಿ ಕಂಪೆನಿಯವರು ೨೦೨೧ರಲ್ಲಿ ಪ್ರಕಟಿಸಿದರು. ನಮ್ಮ ತಾಯಿಯವರಿಗಂತೂ ಫೋನಿನ ನುಣುಪಾದ ಗಾಜಿನ ಮೇಲೆ ಗುಂಡಿ ಎಲ್ಲಿದೆಯೆಂದು ಬೆರಳಿನಿಂದ ಅರಿಯುವುದು ಸಾಧ್ಯವಿಲ್ಲ.

ಇವುಗಳಲ್ಲದೆ, ಕೊಳ್ಳುವವರು ಅರಿತಿರಬೇಕಾದ ಎರಡು ಸಂಗತಿಗಳುಂಟು. ಇಂಟರ್‌ನೆಟ್ ಚಿತ್ರಗಳ ಕಡ್ಡಿಗೆ ಬರುವ ರಿಮೋಟು ಬಹುಮಟ್ಟಿಗೆ ಬ್ಲೂಟೂತ್ ಎಂಬ ರೇಡಿಯೋ ಅಲೆಯಿಂದ ಮಾತಾಡುತ್ತದೆ. ಬೆಳಕಿನ ರಿಮೋಟು ಆ ಭಾಷೆಯನ್ನು ಕಲಿಯಲಾರದು. ಹೊಟ್ಟೆಯ ಮೇಲೆ ‘ಯೂನಿವರ್ಸಲ್’ ಎಂದು ಎಷ್ಟು ದಪ್ಪವಾಗಿ ಬರೆದಿದ್ದರೂ ಈ ಮಾತು ಬದಲಾಗದು. ಎರಡನೆಯದಾಗಿ, ಈಚಿನ ಟಿ.ವಿ.ಯನ್ನೂ ಆಂಪ್ಲಿಫಯರನ್ನೂ ಕೂಡಿಸುವ ಎಚ್.ಡಿ.ಎಂ.ಐ. ಕೇಬಲ್ಲಿನ ಮೂಲಕ ಅವೆರಡೂ ತಮ್ಮಲ್ಲಿಯೇ ಸಮಾಚಾರ ಹೇಳಿಕೊಳ್ಳಬಲ್ಲವು. ಸಿ.ಇ.ಸಿ. ಎಂಬ ಈ ಏರ್ಪಾಟನ್ನು ಮೆನುವಿನಲ್ಲಿ ಹುಡುಕಿ ತೆರೆದಿಟ್ಟರೆ, ಟಿ.ವಿ. ಎದ್ದಾಗ ಆಂಪ್ಲಿಫಯರೂ ಏಳುತ್ತದೆ, ಮಲಗಿದಾಗ ಮಲಗುತ್ತದೆ. ಕಾಸು ಖರ್ಚಿಲ್ಲದೆ ಒಂದು ರಿಮೋಟು ಕಡಮೆಯಾಯಿತು.

ಅಂಗಡಿಯವರು ಐವತ್ತು ಗುಂಡಿಗಳ ರಿಮೋಟೊಂದನ್ನು ಹೊಗಳಿದರು. ಅದು ಎಂಟು ಯಂತ್ರಗಳನ್ನು ಆಳುವುದೆಂದರು. ಆದರೆ ನಾನು ಹುಡುಕುತ್ತಿದ್ದುದು ಎಂಟು ಯಂತ್ರಗಳ ಒಡೆಯನನ್ನಲ್ಲ. ಒಬ್ಬ ಮುದುಕಿಯ ಕೈಗೆ ಹೊಂದುವ ವಸ್ತುವನ್ನು. ಕಲಿಯುವ ಜಾತಿಯದನ್ನೇ, ಗುಂಡಿಗಳು ದೊಡ್ಡವಾಗಿ ದೂರದೂರ ಇರುವುದನ್ನು, ಅಂಕೆ ೫ರ ಮೇಲೆ ಬೆರಳಿಗೆ ತಾಗುವ ಉಬ್ಬುಚುಕ್ಕೆ ಇರುವುದನ್ನು ಆರಿಸಿದೆನು. ಕೆಳಗಡೆ ಕೆಂಪು, ಹಸಿರು, ಹಳದಿ, ನೀಲಿ ಗುಂಡಿಗಳಿದ್ದು, ಒಂದೊಂದಕ್ಕೂ ಹಲವು ಆಜ್ಞೆಗಳನ್ನು ಸಾಲಾಗಿ ಕಲಿಸಬಹುದಾಗಿದ್ದಿತು. ಬೆಲೆ ಕೆಲವೇ ನೂರು ರೂಪಾಯಿ.

ಭಾನುವಾರ ತಿರುಪ್ಪೂರಿನಲ್ಲಿ ಪಾಠ ನಡೆಯಿತು. ಕಲಿಯುವ ರಿಮೋಟಿನ ದೊಡ್ಡ ಗುಣವೊಂದು ಆಗ ಸ್ಪಷ್ಟವಾಯಿತು: ನಾವು ಕಲಿಸದೆ ಬಿಟ್ಟ ಗುಂಡಿ ಏನನ್ನೂ ಮಾಡುವುದಿಲ್ಲ. ಆದುದರಿಂದ ‘ಸೋರ್ಸ್’ ಎಂಬುದನ್ನು ಅದಕ್ಕೆ ಕಲಿಸಲೇ ಇಲ್ಲ, ‘ಮೆನು’ವನ್ನೂ ಕಲಿಸಲಿಲ್ಲ. ಟಿ.ವಿ.ಯನ್ನು ಎಬ್ಬಿಸಲು ಒಂದು, ಡಿ.ಟಿ.ಎಚ್. ಪೆಟ್ಟಿಗೆಯನ್ನು ಎಬ್ಬಿಸಲು ಒಂದು, ಧ್ವನಿಗೆ ಎರಡು, ಚಾನೆಲ್ಲಿಗೆ ಎರಡು, ಮತ್ತು ಅಂಕೆಗಳು. ಕೆಂಪು ಗುಂಡಿಗೆ ದೂರದರ್ಶನದ ಚಂದನ ವಾಹಿನಿಯ ಅಂಕೆಗಳನ್ನೂ ಹಸಿರಿಗೆ ಕನ್ನಡ ವಾರ್ತೆಯ ವಾಹಿನಿಯೊಂದರ ಅಂಕೆಗಳನ್ನೂ ಸಾಲಾಗಿ ಕಲಿಸಿದೆವು. ಪವರ್ ಆಜ್ಞೆಯನ್ನು ಮಾತ್ರ ಬೇಕೆಂದೇ ಆ ಸಾಲಿಗೆ ಸೇರಿಸಲಿಲ್ಲ. ಟಿ.ವಿ. ಎದ್ದಿದೆಯೋ ಇಲ್ಲವೋ ಎಂಬುದು ರಿಮೋಟಿಗೆ ತಿಳಿಯದಿದ್ದರೂ ನೋಡುವವರ ಕಣ್ಣಿಗೆ ತಿಳಿಯುತ್ತದೆ. ಆ ತೀರ್ಮಾನವನ್ನು ತಾಯಿಯವರಿಗೇ ಬಿಟ್ಟೆವು. ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಣುಕುಗಳ ಮೇಲೆ ಅವರು ತಮ್ಮ ಕೈಯಾರೆ ‘ಟಿ’, ‘ಪೆ’, ‘ಕ’, ‘ವಾ’ ಎಂದು ದುಂಡಗೆ ಬರೆದು ಅಂಟಿಸಿಕೊಂಡರು. ಕೊಳ್ಳೇಗಾಲದ ಶಾಲೆಯ ಅಕ್ಷರ ಇನ್ನೂ ಕೆಟ್ಟಿಲ್ಲ.

ನಾವು ಉಪಾಧ್ಯಾಯರು ಹೆಚ್ಚು ಕಲಿಸುವುದನ್ನೇ ಒಳ್ಳೆಯ ಪಾಠವೆಂದುಕೊಳ್ಳುತ್ತೇವೆ. ಯಾವುದನ್ನು ಬಿಡಬೇಕೆಂದು ಯೋಚಿಸುವುದೂ ಪಾಠದ ಸಿದ್ಧತೆಯೇ ಎಂದು ಆ ದಿನ ನನಗೆ ತೋರಿತು. ಎಲ್ಲವನ್ನೂ ಮಾಡಬಲ್ಲ ಮೂರು ರಿಮೋಟುಗಳ ಮುಂದೆ ನಮ್ಮ ತಾಯಿಯವರು ಕೈಕಟ್ಟಿ ಕುಳಿತಿದ್ದರು. ಹದಿನೆಂಟೇ ಕೆಲಸ ಬಲ್ಲ ಒಂದು ರಿಮೋಟಿನಿಂದ ಅವರಿಗೆ ಸಂಜೆಯವರೆಗೆ ಯಾರನ್ನೂ ಕಾಯದೆ ಇರುವ ಸ್ವಾತಂತ್ರ್ಯ ದೊರೆಯಿತು.

ಮಧ್ಯಾಹ್ನದ ಬಿಡುವಿನ ಫೋನುಗಳು ನಿಂತುಹೋದುವು. ಒಂದು ತಿಂಗಳ ಮೇಲೆ ಒಮ್ಮೆ ಮಾತ್ರ ಬಂದಿತು. ನೀಲಿ ಬಣ್ಣದ ವಿಷಯವಿರಬಹುದೆಂದು ಕೇಳಿದೆನು.

“ಅದೆಲ್ಲ ಸರಿಯಾಗಿದೆ ಕಣಪ್ಪ. ಎದುರುಮನೆಯಾಕೆ ಮಧ್ಯಾಹ್ನ ಬಂದು ನನ್ನ ಜೊತೆ ಕೂತುಕೊಳ್ಳುತ್ತಾರೆ. ಪಾಪ, ಕನ್ನಡ ಅರ್ಥವಾಗದಿದ್ದರೂ ಸುಮ್ಮನೆ ನೋಡುತ್ತಾರೆ. ಹಳದಿ ಗುಂಡಿ ಖಾಲಿ ಇದೆಯಲ್ಲ, ಮುಂದಿನ ಸಲ ಬಂದಾಗ ಅದಕ್ಕೆ ಅವರ ತಮಿಳು ಕಲಿಸಿಕೊಡು. ‘ತ’ ಅಂತ ಬರೆದು ಆಗಲೇ ಅಂಟಿಸಿಬಿಟ್ಟಿದ್ದೇನೆ” ಎಂದರು.