ದರಕು ಬಾಚುವವರಿಲ್ಲದ ಬೆಟ್ಟ

ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಬ್ರಿಟಿಷರ ಕಾಲದಿಂದ ನಡೆದುಬಂದ ಸವಲತ್ತು ಇದು. ಭೂಮಿ ಸರ್ಕಾರದ್ದು, ಸೊಪ್ಪು ತೋಟದ್ದು. ಹೊರಗಿನವರಿಗೆ ಈ ಲೆಕ್ಕ ಅತಿಯಾಯಿತು ಅನ್ನಿಸಬಹುದು. ಆದರೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆಗೆ ತೋಟದ ಸಾರವೆಲ್ಲ ಹಳ್ಳದ ಪಾಲಾಗುತ್ತಲೇ ಇರುತ್ತದೆ. ತೊಳೆದುಹೋದದ್ದನ್ನು ವರ್ಷ ವರ್ಷವೂ ಮಣ್ಣಿಗೆ ಮರಳಿ ಕೊಡಬೇಕು. ಕೊಡಲು ಇದ್ದದ್ದು ಬೆಟ್ಟವೊಂದೇ. 1801ರಲ್ಲಿ ಸೋಂದಾ ಸೀಮೆಯನ್ನು ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಇಲ್ಲಿನ ಅಡಿಕೆ ತೋಟಗಳ ಬಗ್ಗೆ, ಅವಕ್ಕೆ ಹಾಕುವ ಸೊಪ್ಪಿನ ಗೊಬ್ಬರದ ಬಗ್ಗೆ ಬರೆದಿಟ್ಟಿದ್ದಾನೆ. ನನ್ನ ಆಯಿ, ಅಂದರೆ ಅಮ್ಮ, ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ.

ಮಳೆಗಾಲಕ್ಕೆ ಹಸಿಸೊಪ್ಪು. ಗಂಡಸರು ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿ ರೆಂಬೆ ಸವರುತ್ತಿದ್ದರು, ಕೆಳಗೆ ಹೊರೆ ಕಟ್ಟುತ್ತಿದ್ದರು. ಮಳೆ ನಿಂತ ಮೇಲೆ ಬೆಟ್ಟದ ಒಣಹುಲ್ಲು, ಕರಡ. ಚಳಿ ಮುಗಿಯುತ್ತ ಬಂದು ಮತ್ತಿ, ಹೊನ್ನೆ, ನಂದಿ, ಹುಣಾಲು ಮರಗಳೆಲ್ಲ ಎಲೆ ಉದುರಿಸಿ ನಿಂತಾಗ ದರಕಿನ, ಅಂದರೆ ಉದುರಿದ ಒಣ ಎಲೆಯ ಸುಗ್ಗಿ. ಅದು ಪೂರ್ತಿ ಹೆಂಗಸರ ಕೆಲಸ. ನಸುಕಿನಲ್ಲೇ ಹೋಗಬೇಕು. ಬಿಸಿಲೇರಿದರೆ ಎಲೆ ಗರಿಗರಿಯಾಗಿ ಕೈಯಲ್ಲೇ ಪುಡಿಯಾಗುತ್ತದೆ. ಇಬ್ಬನಿಯ ಪಸೆ ಇರುವಾಗ ಬಾಚಿದರೆ ಹೆಡಿಗೆಯಲ್ಲಿ ಒತ್ತಿ ತುಂಬಬಹುದು. ತಲೆಯ ಮೇಲೆ ತಮಗಿಂತ ದೊಡ್ಡ ಹೊರೆ ಹೊತ್ತು ಇಳಿಜಾರಿನಲ್ಲಿ ಸಾಲಾಗಿ ಬರುತ್ತಿದ್ದ ಆ ಹೆಂಗಸರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು.

ತಂದದ್ದೆಲ್ಲ ನೇರ ಗೊಬ್ಬರದ ಗುಂಡಿಗೆ ಹೋಗುವುದಿಲ್ಲ, ಮೊದಲು ಕೊಟ್ಟಿಗೆಗೆ. ಮಲೆನಾಡು ಗಿಡ್ಡದ ದನಗಳು ಹಗಲೆಲ್ಲ ಬೆಟ್ಟದಲ್ಲಿ ಮೇದು ಬಂದು ರಾತ್ರಿ ಆ ಎಲೆಯ ಮೇಲೆ ಮಲಗುತ್ತಿದ್ದವು, ತುಳಿಯುತ್ತಿದ್ದವು, ಸಗಣಿ ಹಾಕುತ್ತಿದ್ದವು. ಸಗಣಿಗಿಂತ ಗಂಜಲದಲ್ಲೇ ಸಾರಜನಕ ಹೆಚ್ಚು. ಅದು ನೆಲಕ್ಕೆ ಇಂಗಿ ಹಾಳಾಗದಂತೆ ಹೀರಿಕೊಳ್ಳುತ್ತಿದ್ದುದು ಈ ಎಲೆಯೇ. ಬರೀ ಒಣ ಎಲೆಯನ್ನು ಗುಡ್ಡೆ ಹಾಕಿದರೆ ವರ್ಷವಾದರೂ ಕೊಳೆಯದು. ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಸಿಕ್ಕರೆ ಸೂಕ್ಷ್ಮಜೀವಿಗಳು ಹುರುಪಿನಿಂದ ಕೆಲಸ ಮಾಡುತ್ತವೆ ಎನ್ನುತ್ತದೆ ವಿಜ್ಞಾನ. ಕೊಟ್ಟಿಗೆಯಲ್ಲಿ ಆ ಹದವನ್ನು ದನವೂ ಎಲೆಯೂ ಸೇರಿ ತಾವೇ ಕಂಡುಕೊಳ್ಳುತ್ತಿದ್ದವು.

ಗುಂಡಿಗೆ ಬಿದ್ದ ಮೇಲೆ ಅದು ಕಾವೇರುತ್ತದೆ. ಅಜ್ಜಿ ಮೇಲಿನ ಪದರ ಸರಿಸಿ ಮೊಣಕೈವರೆಗೆ ಕೈ ಇಳಿಸುತ್ತಿದ್ದಳು. "ಇನ್ನೂ ಬಿಸಿ ಇದ್ದು ತಮಾ, ತೋಟಕ್ಕೆ ಹಾಕಡ" ಎಂದರೆ ಮುಗಿಯಿತು, ಅಪ್ಪಯ್ಯನೂ ಎದುರಾಡುತ್ತಿರಲಿಲ್ಲ. ಮಾಗದ ಗೊಬ್ಬರ ಬೇರನ್ನು ಸುಡುತ್ತದೆ, ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾನೇ ಎಳೆದುಕೊಳ್ಳುತ್ತದೆ. ಮಾಗಿದ್ದು ಕಪ್ಪಗೆ, ಹಗುರವಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬೀರುತ್ತದೆ. ಅದನ್ನು ಮರದ ಬುಡಕ್ಕೆ ಹಾಕಿ, ಮೇಲೆ ಸೊಪ್ಪಿನ ಮುಚ್ಚಿಗೆ ಕೊಟ್ಟರೆ ಬೇಸಿಗೆಯಲ್ಲೂ ಕೆಳಗೆ ಎರೆಹುಳ ಸಿಗುತ್ತಿತ್ತು.

ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಭಾರತದ ರೈತರನ್ನು ನೋಡಿ ಕಲಿತು ರೂಪಿಸಿದ ಕಾಂಪೋಸ್ಟ್ ಕ್ರಮ ಜಗತ್ತಿಗೆಲ್ಲ ಹೋಯಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಗುಂಡಿಗೆ ಪದರ ಪದರವಾಗಿ ತುಂಬಿ ಮೇಲೆ ಕೆಸರು ಮೆತ್ತುವ ಕ್ರಮವನ್ನು ಸಿದ್ಧಪಡಿಸಿದರು; 'ಬೆಂಗಳೂರು ವಿಧಾನ' ಎಂದು ಅದು ಇಂದಿಗೂ ಕೃಷಿ ಪಠ್ಯಗಳಲ್ಲಿದೆ. ನಮ್ಮ ಕೊಟ್ಟಿಗೆಯ ಕ್ರಮಕ್ಕೆ ಇಂಥ ಹೆಸರು ಬರಲಿಲ್ಲ. ಬಂದಿದ್ದರೆ ಪಠ್ಯದಲ್ಲಾದರೂ ಉಳಿಯುತ್ತಿತ್ತೇನೋ.

ಆ ಕ್ರಮ ಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ದನ ಕಡಿಮೆಯಾದವು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ನಾಟಿ ದನಗಳು ಏಳು ವರ್ಷದಲ್ಲಿ ಶೇ. 6ರಷ್ಟು ಇಳಿದವು, ಮಿಶ್ರತಳಿ ಶೇ. 27ರಷ್ಟು ಏರಿದವು. ನಮ್ಮ ಕೊಟ್ಟಿಗೆಗಳಲ್ಲೂ ಹಾಗೆಯೇ: ಗಿಡ್ಡದ ಜಾಗಕ್ಕೆ ಜರ್ಸಿ, ಮಣ್ಣಿನ ನೆಲಕ್ಕೆ ಸಿಮೆಂಟು, ಎಲೆಯ ಜಾಗಕ್ಕೆ ರಬ್ಬರ್ ಮ್ಯಾಟು. ದಿನಕ್ಕೆರಡು ಸಲ ಪೈಪು ಹಿಡಿದು ತೊಳೆದರೆ ಗಂಜಲ ಚರಂಡಿ ಸೇರುತ್ತದೆ. ಗೋಬರ್ ಗ್ಯಾಸಿನ ಬಗ್ಗಡವನ್ನು ತೋಟಕ್ಕೆ ಬಿಡುವವರು ಎಷ್ಟೋ ವಾಸಿ. ಬೆಟ್ಟವೂ ಹಳೆಯ ಬೆಟ್ಟವಾಗಿ ಉಳಿಯಲಿಲ್ಲ. ಎಷ್ಟೋ ಕಡೆ ಅಕೇಶಿಯಾ ಬಂದು ನಿಂತಿದೆ. ಅದರ ತೊಗಲಿನಂಥ ಎಲೆ ಸುಲಭಕ್ಕೆ ಮಣ್ಣಾಗುವುದಿಲ್ಲ.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ, ಜೊತೆಗೆ ಇಷ್ಟು ರಾಸಾಯನಿಕ ಎನ್ನುತ್ತದೆ ಸಂಶೋಧನಾ ಸಂಸ್ಥೆಗಳ ಶಿಫಾರಸು. ಎಕರೆಗೆ 550 ಮರವೆಂದರೆ ಸೊಪ್ಪೇ ಆರೂವರೆ ಟನ್. ಅಷ್ಟನ್ನು ಹೊರುವವರು ಎಲ್ಲಿದ್ದಾರೆ? 45 ಕಿಲೋದ ಯೂರಿಯಾ ಚೀಲವನ್ನು ಒಬ್ಬನೇ ಬೈಕಿನಲ್ಲಿ ತರಬಹುದು. ಹೀಗೆ ಶಿಫಾರಸಿನ ಕೊನೆಯ ಭಾಗವೊಂದೇ ಉಳಿಯಿತು.

ಮಕ್ಕಳು ಬೆಂಗಳೂರಿಗೆ ಹೋದರೆಂದು ನಾನು ಯಾರನ್ನೂ ದೂರಲಾರೆ. ಸೊಪ್ಪಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ದರಕು ಹೊತ್ತು ಹೊತ್ತು ಆಯಿಯ ಕುತ್ತಿಗೆ ನೋವು ಕೊನೆಯವರೆಗೂ ಹೋಗಲಿಲ್ಲ. ಲೆಕ್ಕವಿಲ್ಲದೆ ಸವರಿ ಬೋಳಾದ ಬೆಟ್ಟಗಳೂ ಇದ್ದವು. ಆ ಕಷ್ಟ ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ. ಕಷ್ಟವನ್ನು ಹಗುರ ಮಾಡುವ ದಾರಿ ಹುಡುಕದೆ ಇಡೀ ಕೆಲಸವನ್ನೇ ಬಿಟ್ಟೆವಲ್ಲ, ಆ ಸಂಕಟ ನನ್ನದು.

ಈಗ ಅನುಕೂಲಸ್ಥರ ತೋಟಗಳಿಗೆ ಬಯಲುಸೀಮೆಯಿಂದ ಲಾರಿಗಟ್ಟಲೆ ಕುರಿಗೊಬ್ಬರ ಬರುತ್ತದೆ. ಅಲ್ಲಿನ ಜೋಳದ ಹೊಲಕ್ಕೆ ಬೀಳಬೇಕಾಗಿದ್ದ ಗೊಬ್ಬರ ಅದು. ಆ ಮಣ್ಣಿಗೆ ಇನ್ನೆಲ್ಲಿಂದ ತರುತ್ತಾರೆ? ಲಾರಿ ನಿಲ್ಲುವ ರಸ್ತೆಯ ಮಗ್ಗುಲಲ್ಲೇ ನಮ್ಮ ಸೊಪ್ಪಿನ ಬೆಟ್ಟವಿದೆ. ಬಾಚುವವರಿಲ್ಲದೆ ದರಕು ದಟ್ಟವಾಗಿ ಬಿದ್ದಿರುತ್ತದೆ. ಮಾರ್ಚ್ ಹೊತ್ತಿಗೆ ಯಾರೋ ಎಸೆದ ಬೀಡಿಗೆ ಹೊತ್ತಿಕೊಂಡರೆ ಗುಡ್ಡದ ನೆತ್ತಿಯವರೆಗೂ ಉರಿಯುತ್ತದೆ, ಆ ಬೂದಿ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಹಸಿಸೊಪ್ಪಿನ ಟೊಂಗೆ ಹಿಡಿದು ಬೆಂಕಿ ಬಡಿಯಲು ಓಡುವವರಲ್ಲೂ ಈಗ ಅರವತ್ತು ದಾಟಿದವರೇ ಹೆಚ್ಚು.