ದಿನಕ್ಕೊಂದೇ ಜಾಗ

ಆ ದಿನ ಯಜಮಾನರು ಸೌದಿಯಿಂದ ರಜೆಗೆ ಬಂದು ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಹಜಾರದಲ್ಲಿ ಕೂತಿದ್ದರು. ನಮ್ಮ ಮೂರು ವರ್ಷದ ಮಗ ನನ್ನ ಮೊಬೈಲ್ ಹಿಡಿದು ಅಡುಗೆ ಮನೆಗೆ ಬಂದು, "ಅಮ್ಮೀ, ಅಬ್ಬುಗೆ ಫೋನ್ ಹಚ್ಚು" ಎಂದ. "ಅಬ್ಬು ಅಲ್ಲೇ ಕೂತಿದ್ದಾರಲ್ಲ ಮಗಾ" ಎಂದರೆ ಒಪ್ಪಲಿಲ್ಲ. ಅವನ ಅಬ್ಬು ಫೋನಿನೊಳಗಿದ್ದವರು. ಹಜಾರದಲ್ಲಿದ್ದವರು ಯಾರೋ ಬಂದ ನೆಂಟರು!

ಅವರಿಗೂ ಇದು ಕೇಳಿಸಿತು. ಏನೂ ಹೇಳಲಿಲ್ಲ, ಎದ್ದು ಅಂಗಳಕ್ಕೆ ಹೋದರು. ರಾತ್ರಿ ಮಲಗುವ ಮುಂಚೆ, "ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗೋಣ" ಎಂದರು. ಮರುದಿನ ಒಂದು ಚೀಟಿ ಬರೆದು ನನ್ನ ಕೈಗಿಟ್ಟರು. ಮೈಸೂರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕಾರಂಜಿ ಕೆರೆ, ಕೆ.ಆರ್.ಎಸ್., ಶ್ರೀರಂಗಪಟ್ಟಣ, ರಂಗನತಿಟ್ಟು, ಊಟಿ... ಒಟ್ಟು ಹನ್ನೊಂದು ಜಾಗ. ಎರಡು ದಿನ!

ನಾನು ನಕ್ಕುಬಿಟ್ಟೆ. ಹಿಂದಿನ ಸಲದ ರಜೆಯಲ್ಲೂ ನಾವು ಇಂಥದೇ ಪ್ರವಾಸ ಮಾಡಿದ್ದೆವು. ಬಾಡಿಗೆ ಕಾರು, ಬೀರೂರಿನಿಂದ ನಸುಕಿನಲ್ಲೇ ಹೊರಟದ್ದು. ಮಸಿನಗುಡಿಯ ಮೇಲೆ ಊಟಿಗೆ ಹತ್ತುವ ಮೂವತ್ತಾರು ತಿರುವುಗಳಲ್ಲಿ ಮಗಳು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ಬೃಂದಾವನದಲ್ಲಿ ಕಾರಂಜಿ ಕುಣಿಯುವ ಹೊತ್ತಿಗೆ ಮಕ್ಕಳಿಬ್ಬರೂ ಹೆಗಲ ಮೇಲೆ ನಿದ್ದೆ ಹೋಗಿದ್ದರು. ನಾವಿಬ್ಬರು ಸಣ್ಣ ಮಾತಿಗೆಲ್ಲ ಜಗಳವಾಡಿದ್ದೆವು. ಮನೆಗೆ ಬಂದು ಮಗಳನ್ನು, "ಏನೇನು ನೋಡಿದೆ?" ಎಂದು ಅತ್ತೆ ಕೇಳಿದಾಗ ಅವಳು, "ಕಾರು" ಎಂದಿದ್ದಳು.

ಅದಕ್ಕೇ ಈ ಸಲ ನಾನೊಂದು ಷರತ್ತು ಹಾಕಿದೆ. ಊರು ಒಂದೇ, ಮೈಸೂರು. ಮೂರು ರಾತ್ರಿ ಒಂದೇ ಕಡೆ ತಂಗುವುದು. ದಿನಕ್ಕೆ ಒಂದೇ ಜಾಗ. ಮಧ್ಯಾಹ್ನ ಮಕ್ಕಳ ನಿದ್ದೆ ತಪ್ಪಬಾರದು. "ಇಷ್ಟು ದೂರ ಹೋಗಿ ಅಷ್ಟೇ ನೋಡೋದಾ?" ಎಂದರು ಅವರು. ಮರಳುಗಾಡಿನಲ್ಲಿ ಎರಡು ವರ್ಷ ದುಡಿದು ಬಂದವರಿಗೆ ರಜೆಯ ಒಂದೊಂದು ದಿನವೂ ಎಷ್ಟು ದುಬಾರಿ ಎಂದು ನನಗೆ ಗೊತ್ತಿತ್ತು. ಆದರೂ ಪಟ್ಟು ಬಿಡಲಿಲ್ಲ. ಅತ್ತೆಯೂ ನನ್ನ ಕಡೆಯೇ ನಿಂತರು. "ಮಕ್ಕಳು ಊರು ನೋಡೋದು ಆಮೇಲಿರಲಿ ಮಗಾ, ಮೊದಲು ನಿನ್ನ ಮುಖ ನೋಡಲಿ" ಎಂದರು. ಆ ಮಾತಿಗೆ ಅವರು ತಲೆ ತಗ್ಗಿಸಿದರು.

ಸರಕಾರಿ ಬಸ್ಸಿನಲ್ಲಿ ಹೋಗಬಹುದಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ಮಗಳಿಗೆ ಬಸ್ಸು, ಕಾರು ಎರಡೂ ಆಗಿಬರುವುದಿಲ್ಲ. ಜಂಕ್ಷನ್ ಇರುವ ಊರಿನಲ್ಲಿದ್ದೂ ನಾವು ರೈಲನ್ನು ಮರೆತೇಬಿಟ್ಟಿದ್ದೆವು. ತಾಳಗುಪ್ಪ, ಶಿವಮೊಗ್ಗ ಕಡೆಯಿಂದ ಬರುವ ರೈಲು ಬೀರೂರು, ಅರಸೀಕೆರೆ, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ಮೈಸೂರಿಗೆ ಹೋಗುತ್ತದೆ. ಇಳಿದು ಹತ್ತುವ ತೊಂದರೆಯಿಲ್ಲ. ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ಟೂ ಬೇಡ. ಮಗಳಿಗೆ ಏಳು ವರ್ಷ, ಸೀಟು ಬೇಕೆಂದು ಪೂರ್ತಿ ದರ ಕೊಟ್ಟೆವು. ದಸರೆಯ ಜನಜಂಗುಳಿ ಕರಗಲಿ ಎಂದು ಒಂದು ವಾರ ಕಾದು, ಶನಿವಾರ ಬೆಳಿಗ್ಗೆ ಹೊರಟೆವು.

ನಾನು ಚಿತ್ರಾನ್ನ, ಬೇಯಿಸಿದ ಮೊಟ್ಟೆ, ಚಪಾತಿ ಕಟ್ಟಿಕೊಂಡಿದ್ದೆ. ಮಕ್ಕಳಿಗೆ ಎರಡು ಜೊತೆ ಹೆಚ್ಚಿನ ಬಟ್ಟೆ, ಜ್ವರದ ಔಷಧಿ, ಒಂದು ಹಳೆಯ ಚಾದರ. ರೈಲು ಹೊರಟ ಮೇಲೆ ಮಗ ನನ್ನ ಮಡಿಲು ಬಿಟ್ಟು ಅಲುಗಲಿಲ್ಲ. ಆದರೆ ಕಿಟಕಿ ಇದ್ದದ್ದು ಅವನ ಅಬ್ಬುವಿನ ಪಕ್ಕದಲ್ಲಿ. ತೆಂಗಿನ ತೋಟಗಳು ಓಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಮಗನ ಕತ್ತು ಆ ಕಡೆ ಚಾಚಿತು. ಅವರು ಕೈ ನೀಡಿ ಕರೆಯಲಿಲ್ಲ, ತಮ್ಮ ಕಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕಿಟಕಿಗೆ ದಾರಿ ಮಾಡಿಕೊಟ್ಟರು. ಅರಸೀಕೆರೆ ಬರುವಷ್ಟರಲ್ಲಿ ಮಗ ಅವರ ಮೊಣಕಾಲಿಗೆ ಒರಗಿ ನಿಂತಿದ್ದ. ಹಾಸನ ದಾಟಿದ ಮೇಲೆ ಅವರ ತೊಡೆಯ ಮೇಲೆಯೇ ನಿದ್ದೆ ಹೋದ. ಕಾಲು ಜೋಮು ಹಿಡಿದರೂ ಅವರು ಮೈಸೂರಿನವರೆಗೆ ಅಲುಗಲಿಲ್ಲ.

ಅಂದು ಏನನ್ನೂ ನೋಡಲಿಲ್ಲ. ಕೋಣೆ ಸೇರಿ, ಮಕ್ಕಳಿಗೆ ಸ್ನಾನ ಮಾಡಿಸಿ, ಹತ್ತಿರದಲ್ಲೇ ಊಟ ಮಾಡಿ ಮಲಗಿದೆವು.

ಭಾನುವಾರ ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯ ಸೇರಿದೆವು. 1892ರಲ್ಲಿ ಶುರುವಾದ ಈ ಮೃಗಾಲಯ ನಮ್ಮ ದೇಶದ ಹಳೆಯವುಗಳಲ್ಲಿ ಒಂದು. ಮಂಗಳವಾರ ಸಾಮಾನ್ಯವಾಗಿ ರಜೆ, ಹೋಗುವವರು ನೆನಪಿಡಬೇಕು. ಒಳಗೆ ನಡೆಯುವ ದಾರಿ ಉದ್ದ. ನಡೆಯಲಾಗದವರಿಗೆ ಬ್ಯಾಟರಿ ಗಾಡಿಗಳಿವೆ. ಮಗ ಜಿರಾಫೆಯ ಮುಂದೆ ನಿಂತವನು ಕದಲಲೇ ಇಲ್ಲ. ಯಜಮಾನರು ನನ್ನ ಕಡೆ ನೋಡಿದರು. ನಾನು, "ನಿಲ್ಲಲಿ ಬಿಡಿ, ನಮಗೇನು ರೈಲು ಹಿಡಿಯೋದಿದೆಯಾ?" ಎಂದೆ. ಅರ್ಧ ಮೃಗಾಲಯವನ್ನು ನಾವು ನೋಡಲೇ ಇಲ್ಲ. ಜಿರಾಫೆಯನ್ನು ಮಾತ್ರ ಚೆನ್ನಾಗಿ ನೋಡಿದೆವು.

ಮಧ್ಯಾಹ್ನ ಎಲ್ಲರೂ ಮಲಗಿ ಎದ್ದೆವು. ಸಂಜೆ ಅರಮನೆಯ ದೀಪಗಳನ್ನು ನೋಡಲು ಹೋಗೋಣ ಎಂದು ಷರತ್ತು ಮುರಿದವಳು ನಾನೇ. ಭಾನುವಾರ ಮತ್ತು ಸರಕಾರಿ ರಜಾ ದಿನಗಳಲ್ಲಿ ಕತ್ತಲಾಗುತ್ತಿದ್ದಂತೆ ಅರಮನೆಗೆ ದೀಪ ಹಾಕುತ್ತಾರೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಲು ಶುರು ಮಾಡಿ 1912ರಲ್ಲಿ ಮುಗಿಸಿದ ಕಟ್ಟಡವಿದು. ಸಾವಿರಾರು ದೀಪಗಳು ಒಮ್ಮೆಲೇ ಹೊತ್ತಿಕೊಂಡಾಗ ಮಗ ಹೆದರಿ, ಎರಡೂ ಕೈಯಿಂದ ಕತ್ತನ್ನು ತಬ್ಬಿಕೊಂಡ. ನನ್ನ ಕತ್ತನ್ನಲ್ಲ. ಅವರ ಕತ್ತನ್ನು.

ಅವರು ಆ ಕಡೆ ಮುಖ ತಿರುಗಿಸಿ ನಿಂತರು. ದೀಪದ ಬೆಳಕಿನಲ್ಲಿ ಕಣ್ಣು ಒದ್ದೆಯಾದದ್ದು ನನಗೆ ಕಾಣಿಸಿತು. ನಾನೂ ಏನೂ ಕಾಣದವಳಂತೆ ಮಗಳ ಕೈ ಹಿಡಿದು ಎರಡು ಹೆಜ್ಜೆ ಮುಂದೆ ಹೋದೆ.

ಸೋಮವಾರ ಶ್ರೀರಂಗಪಟ್ಟಣದ ಗುಂಬಜ್. ತಂದೆ ಹೈದರಾಲಿಗಾಗಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಸಮಾಧಿ ಭವನ. ತಾಯಿಯೂ ಅಲ್ಲೇ ಇದ್ದಾರೆ. 1799ರಲ್ಲಿ ಯುದ್ಧದಲ್ಲಿ ಮಡಿದ ಟಿಪ್ಪುವನ್ನೂ ಅವರ ಪಕ್ಕದಲ್ಲೇ ಮಲಗಿಸಿದರು. ಒಳಗೋಡೆಯ ಹುಲಿಪಟ್ಟೆಗಳನ್ನು ಮಗಳು ಬೆರಳು ತೋರಿಸಿ ಎಣಿಸಲು ಹೋಗಿ ಸೋತಳು. ಹೊರಗೆ ಮರದ ನೆರಳಿನಲ್ಲಿ ಕೂತು ಅವರು ಮಗಳಿಗೆ ಒಂದು ಕಥೆ ಹೇಳಿದರು. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿ, 1788ರಲ್ಲಿ ಫ್ರಾನ್ಸ್ ಮುಟ್ಟಿ, ಅಲ್ಲಿನ ದೊರೆ ಹದಿನಾರನೇ ಲೂಯಿಯನ್ನು ಕಂಡ ಕಥೆ. ಮಗಳು ಎಲ್ಲ ಕೇಳಿ, "ಅವರ ಮನೇಲಿ ಮಕ್ಕಳು ಅಳಲಿಲ್ವಾ ಅಬ್ಬು?" ಎಂದಳು. ಅವರು ಉತ್ತರ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. "ಅತ್ತಿರಬೇಕು ಮಗಳೇ. ಅವರೂ ಹಡಗಿನಲ್ಲಿ ಅತ್ತಿರಬೇಕು" ಎಂದರು.

ಹಡಗಿನ ಕಾಲ ಹೋಗಿ ವಿಮಾನ ಬಂದಿದೆ. ಮನೆಯವರ ಮುಖ ಫೋನಿನಲ್ಲಿ ದಿನವೂ ಕಾಣುತ್ತದೆ. ಆದರೆ ಮುಖ ಕಂಡರೆ ಸಾಲದು, ಮಗುವಿಗೆ ಒರಗಲು ಒಂದು ಮೊಣಕಾಲು ಬೇಕು. ಗಂಡ ದೂರದಲ್ಲಿರುವ ನನ್ನಂಥ ಎಷ್ಟೋ ಸಹೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದ ರಜೆಯೆಲ್ಲ ಮದುವೆ ಮನೆ, ನೆಂಟರ ಮನೆ, ಮನೆ ರಿಪೇರಿ, ಬ್ಯಾಂಕಿನ ಕೆಲಸಗಳಲ್ಲಿ ಕಳೆದುಹೋಗುತ್ತದೆ. ಅದರಲ್ಲಿ ನಾಲ್ಕು ದಿನ ಮಕ್ಕಳಿಗೆಂದೇ ಎತ್ತಿಡಿ. ದೂರದ ಊರೇ ಆಗಬೇಕಿಲ್ಲ, ದುಡ್ಡು ಸುರಿಯಬೇಕಿಲ್ಲ. ಅವಸರ ಒಂದನ್ನು ಮನೆಯಲ್ಲೇ ಬಿಟ್ಟು ಹೊರಟರೆ ಸಾಕು.

ಮಂಗಳವಾರ ಊರಿಗೆ ಬಂದ ಮೇಲೆ ಅವರ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಆ ಚೀಟಿ ಸಿಕ್ಕಿತು. ಹನ್ನೊಂದರಲ್ಲಿ ಮೂರಕ್ಕೆ ಮಾತ್ರ ಗೀಟು ಎಳೆದಿದ್ದರು. ನಾನದನ್ನು ಕಪಾಟಿನಲ್ಲಿ ಎತ್ತಿಟ್ಟಿದ್ದೇನೆ. ಉಳಿದ ಎಂಟಕ್ಕೆ ಇನ್ನೂ ಎಷ್ಟು ರಜೆಗಳು ಬೇಕೋ!

ಅವರು ಮತ್ತೆ ಸೌದಿಗೆ ಹೋಗಿ ಎರಡು ತಿಂಗಳಾಯಿತು. ಮಗ ಈಗಲೂ ಫೋನ್ ಹಿಡಿದು ನನ್ನ ಬಳಿ ಬರುತ್ತಾನೆ. ಆದರೆ ಮಾತು ಬದಲಾಗಿದೆ. ಪರದೆಯ ಮೇಲೆ ಮುಖ ಕಂಡ ಕೂಡಲೇ, "ಅಬ್ಬು, ಅಲ್ಲಿಂದ ಎದ್ದು ಬಾ, ಕಿಟಕಿ ಹತ್ರ ಕೂತ್ಕೊಳ್ಳೋಣ" ಎನ್ನುತ್ತಾನೆ.